ಐದು ತಿಂಗಳ ಬಿಡುವಿನಲ್ಲಿ ಥಾಯ್ಲೆಂಡಿಗೆ ಹೋಗಿ ಇಂಗ್ಲಿಷ್ ಕಲಿಸಬಹುದೇ?

ಸಾಗರದವಳು:

ಎಲ್ಲರಿಗೂ ನಮಸ್ಕಾರ. ವಿದೇಶದ ಶಾಲೆಗಳಲ್ಲಿ ಪಾಠ ಹೇಳಿದವರು ಇಲ್ಲಿ ಕೆಲವರಿದ್ದಾರೆಂದು ತಿಳಿದು ಬರೆಯುತ್ತಿದ್ದೇನೆ.

ನನಗೆ 25 ವರ್ಷ. ಕುವೆಂಪು ವಿಶ್ವವಿದ್ಯಾಲಯದ ಬಿ.ಎ., ಐಚ್ಛಿಕ ಇಂಗ್ಲಿಷ್. ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಬೆಂಗಳೂರಿನ ಕಾಲ್‌ಸೆಂಟರ್ ಒಂದರಲ್ಲಿ ರಾತ್ರಿ ಪಾಳಿ ಮಾಡಿಕೊಂಡು, ಅಮೆರಿಕದವರ ಕ್ರೆಡಿಟ್ ಕಾರ್ಡ್ ಬೈಗುಳ ಕೇಳಿ ಕೇಳಿ ಸಾಕಾಗಿ, ಕಳೆದ ತಿಂಗಳು ಕೆಲಸ ಬಿಟ್ಟು ಊರಿಗೆ ಬಂದೆ. ಮುಂದಿನ ವರ್ಷ ಬಿ.ಇಡಿ. ಸೇರುವ ಯೋಚನೆ ಇದೆ. ಅಲ್ಲಿಯವರೆಗೆ ಸುಮ್ಮನೆ ಕೂರುವ ಬದಲು ನವೆಂಬರಿನಿಂದ ಮಾರ್ಚ್‌ವರೆಗೆ ಥಾಯ್ಲೆಂಡ್ ಅಥವಾ ಕಾಂಬೋಡಿಯಾದಲ್ಲಿ ಇಂಗ್ಲಿಷ್ ಕಲಿಸಬೇಕೆಂಬ ಆಸೆ. ತರಗತಿಯಲ್ಲಿ ನಿಂತು ಪಾಠ ಮಾಡಿದ ಅನುಭವ ಇಲ್ಲ. ಕಾಲ್‌ಸೆಂಟರಿನಲ್ಲಿ ಹೊಸಬರಿಗೆ ತರಬೇತಿ ಕೊಟ್ಟಿದ್ದೇನೆ, ಅಷ್ಟೇ. ಕೈಯಲ್ಲಿ 1 ಲಕ್ಷ 80 ಸಾವಿರ ರೂಪಾಯಿ ಉಳಿತಾಯ ಇದೆ.

ಟೆಲಿಗ್ರಾಂನಲ್ಲಿ ಒಬ್ಬ ಏಜೆಂಟ್ ಸಿಕ್ಕಿದ್ದಾನೆ. 65,000 ರೂಪಾಯಿ ಕಟ್ಟಿದರೆ ಬ್ಯಾಂಕಾಕಿನ ಹತ್ತಿರ ಶಾಲೆ ಕೊಡಿಸುತ್ತಾನಂತೆ. ‘ಪ್ರವಾಸಿ ವೀಸಾದಲ್ಲಿ ಬನ್ನಿ, ಬಂದ ಮೇಲೆ ಬದಲಾಯಿಸಿಕೊಳ್ಳೋಣ’ ಎನ್ನುತ್ತಾನೆ. ಸಂದರ್ಶನವೂ ಬೇಡವಂತೆ. ಅಪ್ಪನಿಗೆ ಇದ್ಯಾವುದೂ ಸರಿಕಂಡಿಲ್ಲ. ಅಡಿಕೆ ಕೊಯ್ಲು ಮುಗಿಯುವವರೆಗೆ ಈ ಮಾತು ಎತ್ತಬೇಡ ಎಂದಿದ್ದಾರೆ. ಅಮ್ಮನ ಚಿಂತೆ ಬೇರೆ: ಮೀನು ಮಾಂಸ ತಿನ್ನದವಳು ಅಲ್ಲಿ ಏನು ತಿನ್ನುತ್ತೀ ಎನ್ನುತ್ತಾರೆ.

ಹೋಗಿ ಬಂದವರು ದಯವಿಟ್ಟು ತಿಳಿಸಿ. ಇದು ಆಗುವ ಮಾತೇ?

ಬುರಿರಾಮ್ ಟೀಚರ್:

ಮೊದಲ ಕೆಲಸ, ಆ ಏಜೆಂಟನ ಸಂಖ್ಯೆಯನ್ನು ಬ್ಲಾಕ್ ಮಾಡಿ. ಮುಂದಿನದನ್ನು ಆಮೇಲೆ ಓದಿದರಾಯಿತು.

ನಾನು ದಾವಣಗೆರೆಯವಳು. ಈಶಾನ್ಯ ಥಾಯ್ಲೆಂಡಿನ ಬುರಿರಾಮ್ ಪ್ರಾಂತ್ಯದ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಪಾಠ ಮಾಡಿದ್ದೇನೆ. ಅಲ್ಲಿ ಯಾವ ಕೆಲಸಕ್ಕೂ ಪ್ರವಾಸಿ ವೀಸಾ ನಡೆಯುವುದಿಲ್ಲ. ವರ್ಕ್ ಪರ್ಮಿಟ್ ಇಲ್ಲದೆ ಕೆಲಸ ಮಾಡಿ ಸಿಕ್ಕಿಬಿದ್ದರೆ 5,000ದಿಂದ 50,000 ಬಾತ್ (ಥಾಯ್ ಹಣ) ದಂಡ, ಗಡೀಪಾರು, ಎರಡು ವರ್ಷ ಹೊಸ ಪರ್ಮಿಟ್ ಇಲ್ಲ. ಸಂಬಳ ಬೇಡ, ಸೇವೆ ಮಾಡುತ್ತೇನೆ ಎಂದರೂ ಪರ್ಮಿಟ್ ಕೇಳುತ್ತಾರೆ. ಶಾಲೆಯವರಿಗೆ ಶಿಕ್ಷಕರು ಬೇಕಾಗಿರುತ್ತಾರೆ, ಏಜೆಂಟನಿಗೆ ಹಣ ಬೇಕಾಗಿರುತ್ತದೆ. ಪೊಲೀಸ್ ಠಾಣೆಯಲ್ಲಿ ಕೂರುವವರು ಮಾತ್ರ ನೀವು.

ಇನ್ನು ಅವನು ಕೇಳಿದ ಮೊತ್ತ. 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಕ್ಕೆ ಜನರನ್ನು ಕೆಲಸಕ್ಕೆ ಕಳುಹಿಸುವ ಏಜೆಂಟ್ ಭಾರತ ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ‘ಇ-ಮೈಗ್ರೇಟ್’ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿದರೆ ನೋಂದಣಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ನೋಂದಾಯಿತ ಏಜೆಂಟ್ ಕೂಡ ಅಭ್ಯರ್ಥಿಯಿಂದ ಪಡೆಯಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಶೇ 18ರ ಜಿಎಸ್‌ಟಿ. 65,000 ಕೇಳುವವನಿಗೆ ಈ ನಿಯಮ ಗೊತ್ತಿಲ್ಲದೆ ಇಲ್ಲ. ನಿಮಗೆ ಗೊತ್ತಿಲ್ಲ ಎಂಬುದು ಅವನಿಗೆ ಗೊತ್ತು.

ಸರಿಯಾದ ದಾರಿ ಉದ್ದವಿದೆ. ಮೊದಲು ಶಾಲೆ ನಿಮ್ಮನ್ನು ಆರಿಸಬೇಕು. ಶಾಲೆಯ ಪತ್ರಗಳನ್ನು ಇಟ್ಟುಕೊಂಡು ‘ನಾನ್ ಇಮಿಗ್ರೆಂಟ್ ಬಿ’ ವೀಸಾಕ್ಕೆ ಅರ್ಜಿ ಹಾಕಬೇಕು. ಅದು ಮೊದಲು 90 ದಿನಕ್ಕೆ ಸಿಗುತ್ತದೆ. ಅಲ್ಲಿಗೆ ಹೋದ ಮೇಲೆ ವರ್ಕ್ ಪರ್ಮಿಟ್. ಬಿ.ಇಡಿ. ಇಲ್ಲದವರಿಗಾಗಿ ಶಾಲೆಯು ಅಲ್ಲಿನ ಶಿಕ್ಷಕರ ಪರಿಷತ್ತಿನಿಂದ ಎರಡು ವರ್ಷದ ತಾತ್ಕಾಲಿಕ ಅನುಮತಿ ಪಡೆಯಬೇಕು. ಇದೆಲ್ಲಕ್ಕೂ ಪದವಿ ಪ್ರಮಾಣಪತ್ರ ಬೇಕು, ಅದೂ ಘಟಿಕೋತ್ಸವದ್ದು. ತಾತ್ಕಾಲಿಕ ಪ್ರಮಾಣಪತ್ರ ತೋರಿಸಿದರೆ ಅಲ್ಲಿನ ಗುಮಾಸ್ತರು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಹಿಂದಕ್ಕೆ ಕೊಡುತ್ತಾರೆ. ನಿಮ್ಮದು ಬಂದಿದೆಯೇ? ಬಂದಿಲ್ಲವಾದರೆ ನಿಮ್ಮ ವಿಶ್ವವಿದ್ಯಾಲಯವಿರುವ ಶಂಕರಘಟ್ಟಕ್ಕೆ ನಾಳೆಯೇ ಹೋಗಿ. ನಂತರ ರಾಜ್ಯ ಸರ್ಕಾರದ ದೃಢೀಕರಣ, ವಿದೇಶಾಂಗ ಸಚಿವಾಲಯದ ದೃಢೀಕರಣ, ಥಾಯ್ ದೂತಾವಾಸ ಕಚೇರಿಯ ಮುದ್ರೆ. ಕರ್ನಾಟಕ ಬರುವುದು ಚೆನ್ನೈನ ಥಾಯ್ ಕಾನ್ಸುಲೇಟಿನ ವ್ಯಾಪ್ತಿಗೆ. ಜೊತೆಗೆ ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್. ಎಲ್ಲವೂ ಸುಸೂತ್ರವಾಗಿ ನಡೆದರೂ ಎರಡು ಮೂರು ತಿಂಗಳು ಬೇಕು.

ಈಗ ಆಗಸ್ಟ್. ಅಲ್ಲಿನ ಎರಡನೆಯ ಅವಧಿ ಶುರುವಾಗುವುದು ನವೆಂಬರ್ 1ರ ಆಸುಪಾಸಿನಲ್ಲಿ. ಲೆಕ್ಕ ನೀವೇ ಹಾಕಿ.

ನಿಮ್ಮ ಐದು ತಿಂಗಳ ಯೋಜನೆ ಪೂರ್ತಿ ಹುಚ್ಚೇನೂ ಅಲ್ಲ. ಮೊದಲ ಅವಧಿ ಮುಗಿಯುತ್ತಿದ್ದಂತೆ ಹೇಳದೆ ಕೇಳದೆ ಹೋಗಿಬಿಡುವ ವಿದೇಶಿ ಶಿಕ್ಷಕರು ಪ್ರತಿ ವರ್ಷವೂ ಇರುತ್ತಾರೆ. ಹಾಗಾಗಿ ನವೆಂಬರಿನಿಂದ ಮಾರ್ಚ್‌ವರೆಗೆ ಖಾಲಿ ಜಾಗಗಳು ನಿಜವಾಗಿಯೂ ಹುಟ್ಟುತ್ತವೆ. ಆದರೆ ಅವು ಕಾಗದಪತ್ರ ಸಿದ್ಧವಿಟ್ಟುಕೊಂಡು ಕಾಯುತ್ತಿರುವವರಿಗೆ ಸಿಗುತ್ತವೆ. ಹೊಸಬರನ್ನು ಶಾಲೆಗಳು ಮೇ ತಿಂಗಳ ನಡುವೆ ಶುರುವಾಗುವ ವರ್ಷಕ್ಕೆ ತೆಗೆದುಕೊಳ್ಳುತ್ತವೆ. ಹುಡುಕಾಟ ಫೆಬ್ರವರಿಯಿಂದ ಜೋರಾಗುತ್ತದೆ.

ಇನ್ನೊಂದು ಕಹಿ ಸಂಗತಿಯನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಅಲ್ಲಿ ಇಂಗ್ಲಿಷ್ ಶಿಕ್ಷಕರನ್ನು ಪಾಸ್‌ಪೋರ್ಟ್ ನೋಡಿ ಎರಡು ಪಂಕ್ತಿಯಲ್ಲಿ ಕೂರಿಸುತ್ತಾರೆ. ಬ್ರಿಟನ್, ಅಮೆರಿಕ, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕದವರದು ಮೊದಲ ಪಂಕ್ತಿ. ನಾವು, ಫಿಲಿಪ್ಪೀನ್ಸಿನವರು, ಕ್ಯಾಮರೂನಿನವರು ಎರಡನೆಯದರಲ್ಲಿ. ನಮ್ಮ ಶಾಲೆಯಲ್ಲಿ ಇಂಗ್ಲೆಂಡಿನ ಹುಡುಗನೊಬ್ಬನಿದ್ದ. ವಯಸ್ಸಿನಲ್ಲಿ ನನಗಿಂತ ಕಿರಿಯ, ಅನುಭವ ಸೊನ್ನೆ. ಅವನಿಗೆ 35,000 ಬಾತ್, ನನಗೆ 22,000. ವ್ಯಾಕರಣದ ಪ್ರಶ್ನೆ ಬಂದಾಗಲೆಲ್ಲ ನನ್ನ ಮೇಜಿನ ಹತ್ತಿರ ಬರುತ್ತಿದ್ದ, ಒಳ್ಳೆಯ ಹುಡುಗ. ನಮ್ಮಂಥವರು ಇಂಗ್ಲಿಷ್ ಸಾಮರ್ಥ್ಯ ಅಳೆಯುವ ‘ಟೊಯಿಕ್’ ಪರೀಕ್ಷೆಯಲ್ಲಿ 990ಕ್ಕೆ ಕನಿಷ್ಠ 600 ಅಂಕ ತೋರಿಸಬೇಕೆಂದು ಸಾಮಾನ್ಯವಾಗಿ ಕೇಳುತ್ತಾರೆ. ಕಾಲ್‌ಸೆಂಟರಿನಲ್ಲಿ ಪಳಗಿದ ಕಿವಿಗೆ ಅದು ಕಷ್ಟವಲ್ಲ.

22,000 ಬಾತ್‌ನಲ್ಲಿ ಬದುಕು ನಡೆಯುತ್ತದೆ. ಬುರಿರಾಮಿನಲ್ಲಿ ನನ್ನ ಕೋಣೆಯ ಬಾಡಿಗೆ 3,000. ಆದರೆ ಏಜೆನ್ಸಿ ಮೂಲಕ ಸೇರಿದರೆ ಒಪ್ಪಂದ ಎಷ್ಟು ತಿಂಗಳದ್ದು ಎಂದು ಮೊದಲೇ ನೋಡಿಕೊಳ್ಳಿ. ರಜೆ ಇರುವ ಅಕ್ಟೋಬರ್ ಮತ್ತು ಏಪ್ರಿಲ್‌ನಲ್ಲಿ ಸಂಬಳ ಕೊಡದ ಒಪ್ಪಂದಗಳೇ ಹೆಚ್ಚು. ನೀವು ಒಂದೇ ಅವಧಿಗೆ ಹೋಗಿ ಬಂದರೆ ವಿಮಾನ, ವೀಸಾ, ದೃಢೀಕರಣದ ಖರ್ಚು ಹುಟ್ಟಿದರೆ ಹೆಚ್ಚು. ಹಣ ಮಾಡಲು ಹೋಗುವ ಜಾಗ ಅದಲ್ಲ.

ಪಾಠದ ವಿಷಯ. ನಮ್ಮ ಶಾಲೆಯಲ್ಲಿ ಒಂದೊಂದು ತರಗತಿಗೂ ಹನ್ನೊಂದು ಹನ್ನೆರಡು ವಿಭಾಗ, ವಿಭಾಗಕ್ಕೆ 45 ಮಕ್ಕಳು. ವಿದೇಶಿ ಶಿಕ್ಷಕರು ಪ್ರತಿ ವಿಭಾಗಕ್ಕೂ ವಾರಕ್ಕೊಮ್ಮೆ ಹೋಗುತ್ತಾರೆ. ಹಾಗಾಗಿ ಒಂದೇ ಪಾಠವನ್ನು ಸೋಮವಾರದಿಂದ ಶುಕ್ರವಾರದವರೆಗೆ ಹೇಳುತ್ತಲೇ ಇರುತ್ತೀರಿ. ಸೋಮವಾರದ ಮಕ್ಕಳು ನಿಮ್ಮ ಪಾಠದ ದೋಷಗಳಿಗೆ ಬಲಿಯಾಗುತ್ತಾರೆ, ಬುಧವಾರ ಅದು ಹದಕ್ಕೆ ಬರುತ್ತದೆ, ಶುಕ್ರವಾರ ನಿಮಗೇ ಬೇಸರ ಬಂದಿರುತ್ತದೆ. ಮಕ್ಕಳನ್ನು ಫೇಲು ಮಾಡುವಂತಿಲ್ಲ. ಪರೀಕ್ಷೆ ಬರೆಯದವನನ್ನೂ ಕರೆದು, ಏನಾದರೂ ಬರೆಸಿ, ಪಾಸು ಮಾಡಿಸಬೇಕು. ಇದು ಅವರಿಗೂ ಗೊತ್ತು. ಹಿಂದಿನ ಬೆಂಚಿನವರು ಆರಾಮಾಗಿ ನಿದ್ದೆ ಮಾಡುತ್ತಾರೆ.

ಇಷ್ಟೆಲ್ಲ ಬೈದರೂ ಮತ್ತೆ ಹೋಗು ಎಂದರೆ ನಾನು ಹೋಗುತ್ತೇನೆ. ಜೂನ್ ತಿಂಗಳ ಒಂದು ಗುರುವಾರ ‘ವಾಯ್ ಖ್ರು’ ಎಂದು ಗುರುವಂದನೆ ನಡೆಯುತ್ತದೆ. ಮಕ್ಕಳು ಹಿಂದಿನ ದಿನವೇ ಕುಳಿತು ಹೂವಿನ ಗೋಪುರ ಕಟ್ಟುತ್ತಾರೆ. ಅದರಲ್ಲಿ ನಮ್ಮ ಕೇಪಳದ ಹೂವು, ಗರಿಕೆ, ಬದನೆಯ ಹೂವು ಇರಬೇಕೆಂಬ ಸಂಪ್ರದಾಯ. ಮೊಣಕಾಲೂರಿ ಬಂದು ಕೊಡುತ್ತಾರೆ. ಇಡೀ ಅವಧಿ ಮಲಗಿದ್ದವನೇ ಎಲ್ಲರಿಗಿಂತ ಚೆಂದದ ಗೋಪುರ ತಂದಿರುತ್ತಾನೆ.

ಅಮ್ಮನಿಗೆ ಹೇಳಿ: ‘ಜೇ’ ಎಂಬ ಕೆಂಪು ಅಕ್ಷರದ ಹಳದಿ ಬಾವುಟ ಕಟ್ಟಿದ ಅಂಗಡಿಯಲ್ಲಿ ಮೀನು, ಮಾಂಸ, ಮೊಟ್ಟೆ ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಬಾವುಟ ಇಲ್ಲದ ಕಡೆ ‘ತರಕಾರಿ ಮಾತ್ರ’ ಎಂದರೂ ಮೀನಿನ ಸಾಸ್ ಬಿದ್ದಿರುತ್ತದೆ. ಅಕ್ಕಿ ಬೇಯಿಸುವ ಎಲೆಕ್ಟ್ರಿಕ್ ಕುಕ್ಕರ್ ಒಂದನ್ನು ಅಲ್ಲೇ ಕೊಂಡರೆ ಈ ಚಿಂತೆ ಮುಗಿಯಿತು.

ಜಪಾನ್, ಕೊರಿಯಾದ ಬಗ್ಗೆ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಜಪಾನಿನಲ್ಲಿ ನಮ್ಮಂಥವರು 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದಕ್ಕೆ ದಾಖಲೆ ತೋರಿಸಬೇಕು. ಕನ್ನಡ ಮಾಧ್ಯಮದ ನಿಮಗೂ ನನಗೂ ಆ ಬಾಗಿಲು ಇಲ್ಲ. ಕೊರಿಯಾದಲ್ಲಿ ಇಂಗ್ಲಿಷ್ ಕಲಿಸಲು ಬೇಕಾದ ಇ-2 ವೀಸಾ ಸಿಗುವುದು ಮೇಲೆ ಹೇಳಿದ ಮೊದಲ ಪಂಕ್ತಿಯ ಏಳು ದೇಶಗಳವರಿಗೆ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಒಪ್ಪಂದದಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಿಗೆ ಅವಕಾಶವೇನೋ ಇದೆ, ಆದರೆ ಶಿಕ್ಷಕ ಅರ್ಹತೆ ಬೇಕು. ಬಿ.ಇಡಿ. ಆದ ಮೇಲೆ ಯೋಚಿಸಿ.

ರಾತ್ರಿ ಪಾಳಿ:

ಇಷ್ಟೆಲ್ಲ ಯಾಕೆ? ಮನೆಯಲ್ಲೇ ಕುಳಿತು ಆನ್‌ಲೈನ್‌ನಲ್ಲಿ ಕಲಿಸಿ. ವೀಸಾನೂ ಬೇಡ, ವಿಮಾನವೂ ಬೇಡ.

ಬುರಿರಾಮ್ ಟೀಚರ್:

ಅವರು ಕೇಳಿದ್ದು ಹೋಗುವ ದಾರಿ. ಹೆಡ್‌ಫೋನ್ ಕಿತ್ತಿಟ್ಟು ಬಂದವರಿಗೆ ಮತ್ತೆ ಹೆಡ್‌ಫೋನ್ ಕೊಡುತ್ತೀರಲ್ಲ!

ನಾಮ್‌ಪೆನ್ ನಿವಾಸಿ:

ಕಾಂಬೋಡಿಯಾದ ಬಗ್ಗೆ ನಾನು ಹೇಳುತ್ತೇನೆ. ಊರು ಹುಬ್ಬಳ್ಳಿ, ಈಗ ನಾಮ್‌ಪೆನ್‌ನ ಖಾಸಗಿ ಶಾಲೆಯೊಂದರಲ್ಲಿ ಇಂಗ್ಲಿಷ್ ಮತ್ತು ಗಣಿತ ಹೇಳಿಕೊಡುತ್ತೇನೆ.

ಕಾಗದಪತ್ರದ ಮಟ್ಟಿಗೆ ಇದು ಥಾಯ್ಲೆಂಡಿಗಿಂತ ಸಲೀಸು. 35 ಡಾಲರ್ ಕೊಟ್ಟು ‘ಇ’ ವರ್ಗದ ವೀಸಾದಲ್ಲಿ ಬರಬಹುದು. ಕೆಲಸ ಸಿಕ್ಕ ಮೇಲೆ ಶಾಲೆಯ ಪತ್ರ ತೋರಿಸಿ ಮೂರು, ಆರು ಅಥವಾ ಹನ್ನೆರಡು ತಿಂಗಳಿಗೆ ವಿಸ್ತರಿಸಿಕೊಳ್ಳಬಹುದು. ವರ್ಕ್ ಪರ್ಮಿಟ್ ಇಲ್ಲಿಯೂ ಕಡ್ಡಾಯ, ಕೊಡುವುದು ಕಾರ್ಮಿಕ ಸಚಿವಾಲಯ. ಸಂಬಳ ಡಾಲರಿನಲ್ಲಿ. ನಾನು ಸೇರಿದಾಗ ಗಂಟೆಗೆ 8 ಡಾಲರ್ ಕೊಟ್ಟರು. ಬಿಡಿ ಗಂಟೆಗಳ ಕೆಲಸವೂ ಇದೆ, ಹಾಗಾಗಿ ಅಲ್ಪಾವಧಿಗೆ ಬರುವವರಿಗೆ ಇದೇ ಹೊಂದುತ್ತದೆ.

ಆದರೆ ನನ್ನ ತಂಗಿ ಕೇಳಿದ್ದರೆ ಏನು ಹೇಳುತ್ತಿದ್ದೆನೋ ಅದನ್ನೇ ಹೇಳುತ್ತೇನೆ. ಸಂದರ್ಶನವಿಲ್ಲದೆ ಕೆಲಸ, ಟೆಲಿಗ್ರಾಂ ಏಜೆಂಟ್, ಪ್ರವಾಸಿ ವೀಸಾ. ಈ ಮೂರೂ ಸೇರಿದ ಕಡೆ ಶಾಲೆ ಇರುವುದಿಲ್ಲ, ಎತ್ತರದ ಗೋಡೆಯ ಕಾಂಪೌಂಡ್ ಇರುತ್ತದೆ. ಕಂಪ್ಯೂಟರ್ ಮುಂದೆ ಕೂರಿಸಿ ನಮ್ಮ ಜನರಿಗೇ ಮೋಸ ಮಾಡಿಸುವ ಸೈಬರ್ ಜೀತದ ಅಡ್ಡೆಗಳು ಇಲ್ಲಿ ಸಿಹಾನೂಕ್‌ವಿಲ್ ಕಡೆ ಇವೆ, ಮ್ಯಾನ್ಮಾರಿನ ಮ್ಯಾವಡ್ಡಿಯಲ್ಲಿವೆ, ಲಾವೋಸಿನ ಗೋಲ್ಡನ್ ಟ್ರಯಾಂಗಲ್‌ನಲ್ಲಿವೆ. ಬ್ಯಾಂಕಾಕಿಗೆಂದು ಕರೆಸಿ, ಥಾಯ್ಲೆಂಡಿನ ಮೇ ಸೋಟ್ ಎಂಬ ಗಡಿ ಊರಿನಲ್ಲಿ ನದಿ ದಾಟಿಸಿ ಮ್ಯಾವಡ್ಡಿಗೆ ಸಾಗಿಸುತ್ತಾರೆ. 2025ರ ಮಾರ್ಚ್‌ನಲ್ಲಿ ನಮ್ಮ ವಾಯುಪಡೆಯ ವಿಮಾನಗಳು ಅದೇ ಮೇ ಸೋಟ್‌ನಿಂದ 500ಕ್ಕೂ ಹೆಚ್ಚು ಭಾರತೀಯರನ್ನು ವಾಪಸ್ ತಂದವು. ಅವರಿಗೂ ಮೊದಲು ಹೇಳಿದ್ದು ಒಳ್ಳೆಯ ಕೆಲಸ, ಒಳ್ಳೆಯ ಸಂಬಳ ಎಂದೇ. ನಿಮಗೆ ಕಾಲ್‌ಸೆಂಟರ್ ಅನುಭವ ಇದೆ ಎಂದು ಆ ಏಜೆಂಟನಿಗೆ ಹೇಳಿದ್ದೀರಾ? ಅವರು ಹುಡುಕುವುದೇ ಅಂಥವರನ್ನು.

ನಿಜವಾದ ಶಾಲೆ ವಿಡಿಯೊ ಕರೆಯಲ್ಲಿ ನಿಮ್ಮನ್ನು ನೋಡುತ್ತದೆ, ಹತ್ತು ನಿಮಿಷ ಪಾಠ ಮಾಡಿಸುತ್ತದೆ. ಈಗ ಅಲ್ಲಿ ಕೆಲಸ ಮಾಡುತ್ತಿರುವ ವಿದೇಶಿ ಶಿಕ್ಷಕರೊಬ್ಬರ ಜೊತೆ ಮಾತನಾಡಬೇಕು ಎಂದು ಕೇಳಿ. ಕೊಡಲು ಒಪ್ಪದಿದ್ದರೆ ಅಲ್ಲಿಗೆ ಬಿಡಿ. ವಿಮಾನ ನಿಲ್ದಾಣಕ್ಕೆ ನಮ್ಮ ಡ್ರೈವರ್ ಬರುತ್ತಾನೆ, ಪಾಸ್‌ಪೋರ್ಟ್ ಅವನ ಕೈಗೆ ಕೊಡಿ ಎಂದರಂತೂ ಯೋಚನೆಯೇ ಬೇಡ.

ನಿವೃತ್ತ ಮೇಷ್ಟ್ರು:

ವೀಸಾದ ವಿಚಾರ ನನಗೆ ತಿಳಿಯದು. ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಹೇಳಿ ಬಿಳಿಗೂದಲು ಮಾಡಿಕೊಂಡವನು. ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ತರಬೇತಿ ಪಡೆದಿದ್ದೇನೆ.

ಅಮ್ಮಾ, ಎಲ್ಲರೂ ಹೋಗುವ ದಾರಿ ಹೇಳುತ್ತಿದ್ದಾರೆ. ಹೋಗಿ ಏನು ಮಾಡುತ್ತೀ ಎಂದು ಯಾರೂ ಕೇಳುತ್ತಿಲ್ಲ. ಇಂಗ್ಲಿಷ್ ಮಾತನಾಡಲು ಬಂದರೆ ಇಂಗ್ಲಿಷ್ ಕಲಿಸಲು ಬರುತ್ತದೆ ಎಂದು ನಂಬಿದವರನ್ನು ನಾನು ಬಹಳ ನೋಡಿದ್ದೇನೆ. ಇಲ್ಲಿ ನಮಗೊಂದು ಊರುಗೋಲಿದೆ. ಮಕ್ಕಳಿಗೆ ಅರ್ಥವಾಗದಿದ್ದರೆ ಕನ್ನಡದಲ್ಲಿ ಹೇಳಿಬಿಡುತ್ತೇವೆ. ಥಾಯ್ ಮಕ್ಕಳ ಮುಂದೆ ಅದು ಇಲ್ಲ. ‘ನಿನ್ನೆ’ ಎಂಬುದನ್ನು ಒಂದೂ ಕನ್ನಡ ಪದವಿಲ್ಲದೆ ಎಂಟು ವರ್ಷದ ಮಗುವಿಗೆ ಹೇಗೆ ತಿಳಿಸುತ್ತೀ? ಕ್ಯಾಲೆಂಡರ್ ಬೇಕು, ಕೈಸನ್ನೆ ಬೇಕು, ನಾಚಿಕೆ ಬಿಡಬೇಕು.

ಅದಕ್ಕೆ ನಿನ್ನ ಊರಿನಲ್ಲೇ ಅಭ್ಯಾಸ ಮಾಡಬಹುದು. ಹತ್ತಿರದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು, ಶನಿವಾರಗಳಂದು ಐದನೆಯ ತರಗತಿಗೆ ಒಂದು ಪೀರಿಯಡ್ ಕೇಳು. ನೂರಕ್ಕೆ ತೊಂಬತ್ತು ಕಡೆ ಸಂತೋಷದಿಂದ ಕೊಡುತ್ತಾರೆ. ಬಾಯಿಂದ ಕನ್ನಡ ಬರಬಾರದು ಎಂದು ಹಠ ಹಿಡಿ.

ಪಾಠ ಏನು ಎಂದು ಕೇಳಿದರೆ, ಸಾಗರದ ಬಸ್ ನಿಲ್ದಾಣದ ವೇಳಾಪಟ್ಟಿಯನ್ನು ಇಂಗ್ಲಿಷಿನಲ್ಲಿ ಬರೆದುಕೊಂಡು ಹೋಗು. ಮಧ್ಯಾಹ್ನ ಎರಡಕ್ಕೆ ಶಿವಮೊಗ್ಗದಲ್ಲಿ ಇರಬೇಕಾದವನು ಯಾವ ಬಸ್ ಹಿಡಿಯಬೇಕು? ಅದು ತಪ್ಪಿದರೆ? ಮಕ್ಕಳು ಲೆಕ್ಕ ಬಿಡಿಸುವ ಗಡಿಬಿಡಿಯಲ್ಲಿ ಭಾಷೆಯ ಭಯ ಮರೆಯುತ್ತಾರೆ. ಇದು ನನ್ನ ಕಲ್ಪನೆಯಲ್ಲ. ಭಾಷಾಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ಇಂಥದ್ದನ್ನೇ ಮಾಡಿ ನೋಡಿದರು. ವ್ಯಾಕರಣವನ್ನು ಮುಂದಿಡದೆ ವೇಳಾಪಟ್ಟಿ, ನಕ್ಷೆ ಮುಂತಾದವುಗಳ ಸಮಸ್ಯೆ ಕೊಟ್ಟು ಬಿಡಿಸಿದರು. ‘ಬೆಂಗಳೂರು ಪ್ರಾಜೆಕ್ಟ್’ ಎಂಬ ಹೆಸರಿನಲ್ಲಿ ಅದು ಲೋಕದ ಎಲ್ಲ ಕಡೆಯ ಭಾಷಾಬೋಧಕರಿಗೂ ಪರಿಚಿತ. ನಾಲ್ಕು ವಾರದ ವಿದೇಶಿ ತರಬೇತಿಗೆ ಲಕ್ಷಗಟ್ಟಲೆ ಕಟ್ಟಿದವರು ನಮ್ಮ ಕೊಠಡಿಗಳಲ್ಲಿ ಹುಟ್ಟಿದ್ದನ್ನು ಅಲ್ಲಿ ಹೊಸದೆಂದು ಕೇಳಿ ಬರುತ್ತಾರೆ. ನನಗೆ ನಗು ಬರುತ್ತದೆ.

ಮತ್ತೊಂದು ಮಾತು. ಹೊರದೇಶವೇ ಆಗಬೇಕು, ಐದು ತಿಂಗಳೇ ಸಾಕು ಎಂದಾದರೆ ನೇಪಾಳ ಏಕಾಗಬಾರದು? 1950ರ ಒಪ್ಪಂದದಿಂದಾಗಿ ನಮಗೆ ವೀಸಾ ಬೇಕಿಲ್ಲ. ಅಲ್ಲಿನ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿ ಭಾರತದ ಶಿಕ್ಷಕರು ಹಿಂದಿನಿಂದಲೂ ಇದ್ದಾರೆ. ಸಂಬಳ ಕಡಿಮೆ, ಶಾಲೆಯ ವರ್ಷ ಶುರುವಾಗುವುದು ಏಪ್ರಿಲ್ ನಡುವೆ, ವೈಶಾಖದಲ್ಲಿ. ಅಮ್ಮನ ಊಟದ ಚಿಂತೆಯೂ ಅರ್ಧ ಕಳೆಯುತ್ತದೆ. ಬೆಳಿಗ್ಗೆ ರಾತ್ರಿ ಎರಡು ಹೊತ್ತೂ ಅನ್ನ ಮತ್ತು ಬೇಳೆ.

ಸಾಗರದವಳು:

ಎಲ್ಲರಿಗೂ ಧನ್ಯವಾದ. ನಾಮ್‌ಪೆನ್ ಅಣ್ಣ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಏನೂ ಮಾತನಾಡದೆ ಎದ್ದು ತೋಟಕ್ಕೆ ಹೋದರು. ಏಜೆಂಟನಿಗೆ ಕಾಲ್‌ಸೆಂಟರ್ ಅನುಭವದ ಬಗ್ಗೆ ಹೇಳಿದ್ದೆ. ಅವನು ಟೈಪಿಂಗ್ ವೇಗ ಎಷ್ಟು ಎಂದೂ ಕೇಳಿದ್ದ! ಇಂಗ್ಲಿಷ್ ಶಿಕ್ಷಕಿಗೆ ಟೈಪಿಂಗ್ ಏಕೆ ಎಂದು ಆಗ ವಿಚಿತ್ರವೆನಿಸಿತ್ತು. ಬ್ಲಾಕ್ ಮಾಡಿದ್ದೇನೆ.

ಮೇಷ್ಟ್ರೇ, ನಮ್ಮ ಊರಿನ ಶಾಲೆಯ ಹೆಡ್‌ಮಾಸ್ಟರ್ ಒಪ್ಪಿದ್ದಾರೆ. ಈ ಶನಿವಾರದಿಂದ ಶುರು.

ಬುರಿರಾಮ್ ಅಕ್ಕ, ಘಟಿಕೋತ್ಸವದ ಪ್ರಮಾಣಪತ್ರ ನನ್ನ ಹತ್ತಿರ ಇದೆ. ಬಿ.ಇಡಿ.ಯನ್ನು ಒಂದು ವರ್ಷ ಮುಂದೂಡಿ ಮೇ ತಿಂಗಳಿಗೆ ಪ್ರಯತ್ನಿಸಿದರೆ ಹೇಗೆ? ಇಂಗ್ಲಿಷನ್ನು ವಿದೇಶಿ ಭಾಷೆಯಾಗಿ ಕಲಿಸುವ ಟೆಫ್ಲ್ ಕೋರ್ಸ್ ಆನ್‌ಲೈನ್‌ನಲ್ಲಿ ಮಾಡಬೇಕೋ, ಸೆಲ್ಟಾ ಮಾಡಬೇಕೋ?

ಬುರಿರಾಮ್ ಟೀಚರ್:

ಸೆಲ್ಟಾ ಒಳ್ಳೆಯದೇ. ಕೇಂಬ್ರಿಜ್‌ನವರ ಪ್ರಮಾಣಪತ್ರ, ಸುಮಾರು 120 ಗಂಟೆಯ ಕೋರ್ಸ್. ಅದರಲ್ಲಿ ಕನಿಷ್ಠ ಆರು ಗಂಟೆ ನಿಜವಾದ ವಿದ್ಯಾರ್ಥಿಗಳ ಮುಂದೆ, ಪರೀಕ್ಷಕರು ನೋಡುತ್ತಿರುವಾಗಲೇ ಪಾಠ ಮಾಡಬೇಕು. ಆದರೆ ನಿಮ್ಮ ಉಳಿತಾಯದ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಥಾಯ್ ಸರ್ಕಾರಿ ಶಾಲೆ ಅದಕ್ಕಾಗಿ ಒಂದು ಬಾತ್ ಕೂಡ ಹೆಚ್ಚು ಕೊಡುವುದಿಲ್ಲ. ಆನ್‌ಲೈನ್‌ನ 120 ಗಂಟೆಯ ಟೆಫ್ಲ್ ಅಗ್ಗ, ಅರ್ಜಿಯ ಜೊತೆ ಲಗತ್ತಿಸಲು ಸಾಕು. ಕಲಿಯುವುದು ಮೇಷ್ಟ್ರು ಹೇಳಿದ ಐದನೆಯ ತರಗತಿಯಲ್ಲೇ. ಅಲ್ಲಿ ಪಾಠ ಮಾಡುವಾಗ ಹೆಡ್‌ಮಾಸ್ಟರ್ ಅನುಮತಿ ಪಡೆದು, ಮಕ್ಕಳ ಮುಖ ಕಾಣದಂತೆ ಹಿಂದಿನಿಂದ ಮೂರು ನಿಮಿಷದ ವಿಡಿಯೊ ಮಾಡಿಸಿಕೊಳ್ಳಿ. ಶಾಲೆಗಳು ಪ್ರಮಾಣಪತ್ರಕ್ಕಿಂತ ಮೊದಲು ಅದನ್ನು ಕೇಳುತ್ತವೆ. ಕೊನೆಯಲ್ಲಿ ಶಾಲೆಯ ಮೊಹರು ಹಾಕಿದ ಒಂದು ಅನುಭವ ಪತ್ರವನ್ನೂ ಕೇಳಿ.

ಮೇ ತಿಂಗಳಿಗೆ ಹೋಗುವುದಾದರೆ ದೃಢೀಕರಣವನ್ನು ದೀಪಾವಳಿಯೊಳಗೆ ಮುಗಿಸಿ. ಟೊಯಿಕ್ ಅಂಕಪಟ್ಟಿ ಎರಡು ವರ್ಷ ಚಾಲ್ತಿಯಲ್ಲಿರುತ್ತದೆ, ಡಿಸೆಂಬರಿನಲ್ಲಿ ಬರೆದರೆ ಸಾಕು. ಪೊಲೀಸ್ ಕ್ಲಿಯರೆನ್ಸ್ ಮಾತ್ರ ಈಗಲೇ ಮಾಡಿಸಬೇಡಿ. ಹಳೆಯದಾದರೆ ಒಪ್ಪುವುದಿಲ್ಲ, ಕೆಲಸ ಖಚಿತವಾದ ಮೇಲೆ ಮಾಡಿಸಿ. ಬ್ಯಾಂಕಾಕಿಗೆ ಅರ್ಜಿ ಹಾಕಿ ಕಾಯುತ್ತ ಕೂರಬೇಡಿ, ಅಲ್ಲಿ ಮೊದಲ ಪಂಕ್ತಿಯವರ ನೂಕುನುಗ್ಗಲು. ಸುರಿನ್, ಬುರಿರಾಮ್, ರೋಯ್ ಎಟ್ ಕಡೆಯ ಶಾಲೆಗಳು ನಮ್ಮವರನ್ನು ಕರೆಯುತ್ತವೆ. ಬುರಿರಾಮ್ ಸಿಕ್ಕರೆ ಸ್ವಲ್ಪ ಮೊದಲೇ, ಏಪ್ರಿಲ್ ಆರಂಭಕ್ಕೇ ಹೋಗಿ. ಫನೋಮ್ ರುಂಗ್ ಎಂಬ ಹಳೆಯ ಶಿವಾಲಯ ಆರಿದ ಜ್ವಾಲಾಮುಖಿಯ ಮೇಲಿದೆ. ಆ ತಿಂಗಳ ಕೆಲವು ದಿನ ಬೆಳಗಿನ ಸೂರ್ಯ ಅದರ ಹದಿನೈದೂ ಬಾಗಿಲುಗಳ ಮೂಲಕ ನೇರವಾಗಿ ಕಾಣುತ್ತಾನೆ.

ಒಪ್ಪಂದ ಕೈಗೆ ಬಂದಾಗ ಸಹಿ ಹಾಕುವ ಮೊದಲು ಇಲ್ಲಿ ಬರೆಯಿರಿ. ಶಾಲೆಯ ಹೆಸರು ತೆಗೆದು ಹಾಕಿ ಪೂರ್ತಿ ಪಠ್ಯ ಹಾಕಿದರೆ ನಾನು ಓದಿ ಹೇಳುತ್ತೇನೆ. ಮುಖ್ಯವಾಗಿ ನಡುವೆ ಬಿಟ್ಟರೆ ದಂಡ ಎಷ್ಟು ಎಂಬ ಸಾಲು. ಅದನ್ನು ಸಾಮಾನ್ಯವಾಗಿ ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ ಇಡುತ್ತಾರೆ.